ಮುತ್ತವ್ವನ ಕೈ, ಹಸಿರು ಗುಂಡಿ

ಮುತ್ತವ್ವ ಹಸಿರು ಗುಂಡಿಯನ್ನು ಒತ್ತಿದಳು. ಖಾರ ಕುಟ್ಟುವ ಯಂತ್ರ ಗುರ್ ಎಂದು ಎದ್ದಿತು. ಕಬ್ಬಿಣದ ಒನಕೆಗಳು ಅರ್ಧ ಮೇಲೇಳುವಷ್ಟರಲ್ಲಿ ಸುಮ್ಮನಾಯಿತು. ಅವಳು ಮತ್ತೆ ಒತ್ತಿದಳು. ಮತ್ತೆ ಎದ್ದಿತು, ಮತ್ತೆ ಮಲಗಿತು. ಗೋಡೆಯ ಮೇಲಿನ ಡಬ್ಬಿಯೊಳಗಿಂದ ಖಟ್ ಖಟ್ ಎಂಬ ಸದ್ದು ಬಾಗಿಲಲ್ಲಿ ಪಾಳಿ ಹಚ್ಚಿ ಕುಳಿತಿದ್ದ ಹೆಂಗಸರಿಗೂ ಕೇಳಿಸಿತು.

"ಯವ್ವಾ, ಸರಿ ಇತ್ಲಾಗ, ನಾ ಒತ್ತತೇನಿ," ಎಂದು ಮಗ ಚನ್ನೇಶ ಕೈ ಚಾಚಿದ. ಅವನ ಬೆರಳು ಮುಟ್ಟಿದ್ದೇ ತಡ ಯಂತ್ರ ಒಂದೇ ಸಲಕ್ಕೆ ಎದ್ದು ಧಡ್ ಧಡ್ ಎಂದು ಕುಟ್ಟತೊಡಗಿತು.

ಪಾಳಿಯ ಮುಂದಿದ್ದ ಚೌಡವ್ವ ಚೀಲದ ಬಾಯಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದನ್ನು ಹಿಡಿದುಕೊಂಡೇ ಕೂಗಿದಳು: "ಏ ತಮ್ಮಾ, ಬಂದ್ ಮಾಡು ಅದನ್ನ! ನಿನ್ನ ಕೈಲೆ ಚಾಲೂ ಮಾಡಸಾಕ ನಾ ಕುಪ್ಪೇಲೂರಿಂದ ಎರಡು ಬಸ್ ಹತ್ತಿ ಬರಬೇಕಿತ್ತೇನು? ಹಾದ್ಯಾಗ ಬ್ಯಾರೆ ಗಿರಣಿ ಇರಲಿಲ್ಲೇನು ನನಗ?"

"ಕರೆಂಟಿಗೆ ಯಾರ ಕೈ ಆದ್ರೇನು, ಚಿಗವ್ವಾ?"

"ಕರೆಂಟಿಗೆ ಏನೂ ಇಲ್ಲಪಾ. ಖಾರಕ್ಕ ಐತಿ. ಮಗಳ ಮದವೀ ಖಾರ ಇದು, ನಿನ್ನ ಕೈಗೆ ಹಾಕಿ ಹುಳಾ ಬಿದ್ದರ ಬೀಗರ ಮುಂದ ನೀ ಬಂದು ನಿಂದರತೀಯೇನು?"

ಹೆಂಗಸರು ನಕ್ಕರು. ಚನ್ನೇಶನೂ ನಕ್ಕು ಯಂತ್ರ ನಿಲ್ಲಿಸಿದ. ಮುತ್ತವ್ವ ಮಾತ್ರ ನಗಲಿಲ್ಲ. ಬೆರಳಿಗೆ ಸುತ್ತಿಕೊಂಡಿದ್ದ ಸೆರಗನ್ನು ಹಾಗೇ ಮುಷ್ಟಿಯಲ್ಲಿ ಹಿಡಿದು ಡಬ್ಬಿಯ ಕಡೆ ತಿರುಗಿ ನೋಡಿದಳು.

"ರೋಹಿಣೀ, ನಿನ್ನ ಡಬ್ಬಿ ಎಲ್ಲಾರನೂ ಒಪ್ಪತೈತಿ. ನನ್ನ ಒಬ್ಬಾಕಿನ ಒಲ್ಲೆ ಅಂತೈತಿ. ಯಾಕಂತ ಕೇಳು ಅದನ್ನ."

ಡಬ್ಬಿ ಮಾಡಿಕೊಟ್ಟ ರೋಹಿಣಿ ಗೋಡೆಗೆ ಆತು ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಚನ್ನೇಶ ಕರೆಸಿದ್ದಕ್ಕೆ ಬೆಳಗಿನ ರೈಲಿಗೆ ರಾಣೆಬೆನ್ನೂರಿನಿಂದ ಬಂದಿದ್ದಳು. ಹಾವೇರಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಕೆಲವು ವರ್ಷ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೊಳಕೆ ಪೆಟ್ಟಿಗೆಗಳ ಉಷ್ಣತೆ ಹದದಲ್ಲಿಡುವ ಯಂತ್ರಗಳನ್ನು ನೋಡಿಕೊಂಡು, ಈಗ ಸ್ಟೇಷನ್ ಹತ್ತಿರದ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಗಿರಣಿಗಳಿಗೆ, ಪಂಪ್‌ಸೆಟ್ಟುಗಳಿಗೆ ಬೇಕಾದ ಪ್ಯಾನಲ್ ಡಬ್ಬಿಗಳನ್ನು ತಾನೇ ಜೋಡಿಸುತ್ತಿದ್ದಳು. ಮೂರು ಫೇಸಿನಲ್ಲಿ ಒಂದು ಹೋದಾಗಲೆಲ್ಲ ಮುತ್ತವ್ವನ ಗಿರಣಿಯ ಮೋಟರು ಸುಡುತ್ತಿತ್ತು. ಹಾಗಾಗಿ ಒಳಗೊಂದು ಸಣ್ಣ ಕಂಪ್ಯೂಟರ್ ಚಿಪ್ಪು ಇರುವ, ಕರೆಂಟನ್ನು ಸದಾ ಕಾಯುವ ಈ ಡಬ್ಬಿಯನ್ನು ಚನ್ನೇಶ ಮಾಡಿಸಿದ್ದ. ಹಸಿರು ಗುಂಡಿ ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ಅದರ ಕೆಳಗೆ, ಏನಾದರೂ ಅನಾಹುತವಾದರೆ ನೇರ ತಂತಿಯನ್ನೇ ಕಡಿಯುವ ದಪ್ಪ ಕೆಂಪು ಗುಂಡಿ.

ಬ್ಯಾಡಗಿಯಲ್ಲಿ ಖಾರದ ಗಿರಣಿಗಳಿಗೇನು ಬರವಿಲ್ಲ. ಆದರೂ ದೂರದ ಊರುಗಳಿಂದ ಹೆಂಗಸರು ಮುತ್ತವ್ವನ ಬಾಗಿಲಿಗೇ ಬರುತ್ತಿದ್ದರು. ಅವಳ ಕೈಯಿಂದ ಚಾಲೂ ಆದ ಖಾರ ವರ್ಷವಿಡೀ ಹುಳ ಬೀಳದೆ, ಬಣ್ಣ ಬಿಡದೆ ಇರುತ್ತದೆ ಎಂಬುದು ಅವರ ನಂಬಿಕೆ. ಕೈಗುಣ ಎನ್ನುತ್ತಿದ್ದರು. ರೋಹಿಣಿಗೆ ಅದರ ಕಾರಣ ಬೇರೆಡೆ ಕಾಣುತ್ತಿತ್ತು. ಮುತ್ತವ್ವ ಪ್ರತಿ ಚೀಲದಿಂದಲೂ ಒಂದು ಮೆಣಸಿನಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಸದ್ದು ಸರಿಯಾಗಿ ಬರದಿದ್ದರೆ ಯಾರದೇ ಚೀಲವಿರಲಿ, "ಇನ್ನೊಂದು ಬಿಸಲು ತೋರಿಸಿ ತಗೊಂಡ್ ಬರ್ರಿ" ಎಂದು ವಾಪಸು ಕಳಿಸುತ್ತಿದ್ದಳು. ಹಸಿಯಿಲ್ಲದ ಖಾರಕ್ಕೆ ಹುಳ ಎಲ್ಲಿಂದ ಬರಬೇಕು? ಆದರೆ ಹೆಂಗಸರು ನೆನಪಿನಲ್ಲಿ ಇಟ್ಟುಕೊಂಡದ್ದು ಕಿವಿಯನ್ನಲ್ಲ, ಚಾಲೂ ಮಾಡುವ ಕೈಯನ್ನು. ಆ ಗಿರಣಿ ನಿಂತಿದ್ದೂ ಆ ನೆನಪಿನ ಮೇಲೆಯೇ.

"ನಾ ಶುಕ್ರವಾರ ಬರತೇನಿ," ಎಂದು ಚೌಡವ್ವ ಚೀಲವನ್ನು ಗೋಡೆ ಬದಿಗೆ ಸರಿಸಿದಳು. "ಚೀಲ ಇಲ್ಲೇ ಇರಲಿ. ಅಷ್ಟರಾಗ ನಿಮ್ಮ ಡಬ್ಬೀ ಸಿಟ್ಟು ಇಳಸರಿ."

ಇನ್ನಿಬ್ಬರು ತಮ್ಮ ಚೀಲಗಳನ್ನು ಎತ್ತಿಕೊಂಡು ಹೋದರು. ಚೌಡವ್ವನ ಮಾತಿಗಿಂತ ಅವರು ಎದ್ದು ಹೋದದ್ದು ಮುತ್ತವ್ವನಿಗೆ ಹೆಚ್ಚು ತಾಗಿತು ಎನ್ನುವುದು ರೋಹಿಣಿಗೆ ತಿಳಿಯಿತು. ಮುತ್ತವ್ವ ಊಟದ ನೆಪ ಹೇಳಿ ಒಳಮನೆಗೆ ಹೋದಳು.

ರೋಹಿಣಿ ಡಬ್ಬಿ ಬಿಚ್ಚಿದಳು. ಇದು ಏನಿರಬಹುದು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಗುಂಡಿ ಒತ್ತುವುದೆಂದರೆ ನಮಗೆ ಒಂದು ಕೆಲಸ. ಒಳಗೆ ನೋಡಿದರೆ ಎರಡು ಲೋಹದ ಪಟ್ಟಿಗಳು ಒಂದನ್ನೊಂದು ಬಡಿದು, ಪುಟಿದು, ಮತ್ತೆ ಬಡಿದು ಆಮೇಲೆ ಕೂಡಿ ನಿಲ್ಲುತ್ತವೆ. ಕಲ್ಲಿನ ನೆಲಕ್ಕೆ ಬಿದ್ದ ಗೋಲಿ ನಾಲ್ಕಾರು ಸಲ ಪುಟಿದು ನಿಲ್ಲುವ ಹಾಗೆ. ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಲ್ಲಿ ಈ ಪುಟಿತ ಮುಗಿದುಹೋಗುವುದರಿಂದ ಮನುಷ್ಯರ ಕಣ್ಣಿಗಾಗಲಿ ಕಿವಿಗಾಗಲಿ ಸಿಗುವುದಿಲ್ಲ. ಚಿಪ್ಪಿಗೆ ಸಿಗುತ್ತದೆ. ಅದು ಪ್ರತಿ ಬಡಿತವನ್ನೂ ಬೇರೆ ಬೇರೆ ಒತ್ತಾಗಿ ಎಣಿಸಿ, ಚಾಲೂ, ಬಂದ್, ಚಾಲೂ, ಬಂದ್ ಎಂದು ಕುಣಿಯುತ್ತದೆ. ಆದ್ದರಿಂದ ಚಿಪ್ಪಿನೊಳಗೆ ಬರೆದಿಡುವ ಸೂಚನೆಯಲ್ಲಿಯೇ ಅದಕ್ಕೆ ತಾಳ್ಮೆ ಕಲಿಸಬೇಕು: ಪಟ್ಟಿಗಳು ಕೂಡಿ ಸ್ವಲ್ಪ ಹೊತ್ತು ಅಲುಗದೆ ನಿಂತರೆ ಮಾತ್ರ ಅದನ್ನು ಒತ್ತು ಎಂದು ನಂಬು. ಇದನ್ನು ರೋಹಿಣಿ ಮೊದಲೇ ಬರೆದಿದ್ದಳು. ಆದರೆ ಈ ಗಿರಣಿಯ ಗಾಳಿಯಲ್ಲಿ ಖಾರದ ಪುಡಿ ಇತ್ತು, ಮೆಣಸಿನಕಾಯಿಯ ಎಣ್ಣೆ ಇತ್ತು. ಪಟ್ಟಿಗಳ ಮೇಲೆ ಅದು ಕುಳಿತು ಪುಟಿತ ಹೆಚ್ಚಾಗಿರಬೇಕು ಎಂದುಕೊಂಡಳು.

ಗುಂಡಿಯನ್ನು ತೆಗೆದು ಹೊಸದು ಹಾಕಿದಳು. ಸುತ್ತ ರಬ್ಬರಿನ ಟೊಪ್ಪಿಗೆ ಕೂರಿಸಿದಳು. ಲ್ಯಾಪ್‌ಟಾಪು ಜೋಡಿಸಿ ಕಾಯುವ ಹೊತ್ತನ್ನು ಮೊದಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿಸಿದಳು. ಚನ್ನೇಶನಿಂದ ಮೆಲ್ಲಗೆ ಒತ್ತಿಸಿದಳು, ಬಿರುಸಾಗಿ ಒತ್ತಿಸಿದಳು, ಓರೆಯಾಗಿ ಒತ್ತಿಸಿದಳು. ಒಮ್ಮೆಯೂ ತಪ್ಪಲಿಲ್ಲ.

"ಅವ್ವಾರನ ಕರೀರಿ, ಅವರೂ ಒಮ್ಮೆ ನೋಡ್ಲಿ," ಎಂದಳು.

"ಮಲಗ್ಯಾಳ್ರೀ ಮೇಡಮ್. ಎದ್ದ ಮ್ಯಾಲೆ ನಾ ತೋರಸತೇನಿ. ನಿಮ್ಮ ರೈಲಿಗೆ ಹೊತ್ತಾಗ್ತದ."

ರೋಹಿಣಿ ಸಮಾಧಾನದಿಂದ ಊರಿಗೆ ಮರಳಿದಳು.

ಮರುದಿನ ಬೆಳಿಗ್ಗೆ ಫೋನು ಬಂತು. ಚನ್ನೇಶನ ದನಿ ತಗ್ಗಿತ್ತು. "ಮೇಡಮ್, ನಿನ್ನೆಗಿಂತ ಕೆಟ್ಟದಾಗೇತಿ. ನಿನ್ನೆ ಎದ್ದು ಎದ್ದು ಬೀಳತಿತ್ತು. ಇವತ್ತು ಅವ್ವ ಒತ್ತಿದ್ರ ಏಳವಲ್ದ ಏಳವಲ್ದು. ನಾ ಒತ್ತಿದ್ರ ಏಳತೈತಿ. ಪಾಳಿಯೊಳಗ ಎಲ್ಲಾರೂ ನೋಡಿದ್ರು."

ಬ್ಯಾಡಗಿ ಸ್ಟೇಷನ್ನಿಗೆ ಅವನೇ ಬೈಕು ತಂದಿದ್ದ. ಮಾರುಕಟ್ಟೆಯ ಅಂಗಳದ ಬದಿಯಿಂದ ಹೋಗುವಾಗ ಚೀಲ ಬಿಚ್ಚಿ ಸುರಿದ ಮೆಣಸಿನಕಾಯಿಯ ಕೆಂಪು ರಾಶಿಗಳ ನಡುವೆ ಹಮಾಲರು ಸೀನುತ್ತ ಓಡಾಡುತ್ತಿದ್ದರು. ಅವನು ಬೈಕನ್ನು ಬದಿಗೆ ನಿಲ್ಲಿಸಿದ. ಮನೆ ಮುಟ್ಟುವ ಮೊದಲು ಹೇಳಬೇಕಾದದ್ದೇನೋ ಇತ್ತು.

"ಮೇಡಮ್, ಒಂದ ಮಾತು. ನನ್ನ ಕಿಸೇದಾಗ ಇಟ್ಕೊಳ್ಳೂ ಅಂಥಾ ಸಣ್ಣ ಗುಂಡಿ ಮಾಡಾಕ ಬರ್ತದಲ್ಲ, ವೈರ್ ಇಲ್ಲದ್ದು?"

"ಬರ್ತದ. ಯಾಕ?"

"ಅವ್ವ ಆ ಹಸರು ಗುಂಡಿ ಒತ್ತಲಿ. ಅದಕ್ಕ ಒಳಗ ಏನೂ ಕನೆಕ್ಷನ್ ಬ್ಯಾಡ. ಆಕಿ ಒತ್ತಿದ ಹೊತ್ತಿಗೆ ನಾ ಹಿಂದ ನಿಂತು ಕಿಸೇದಾಗಿಂದು ಒತ್ತತೇನಿ. ಆಕೀಗೂ ಗೊತ್ತಾಗಬಾರದು, ಮಂದಿಗೂ ಗೊತ್ತಾಗಬಾರದು."

ರೋಹಿಣಿ ಅವನ ಮುಖ ನೋಡಿದಳು. ಅವನು ಮೋಸಗಾರನಲ್ಲ. ತಾಯಿಯ ಮುಖ ಸಣ್ಣದಾಗುವುದನ್ನು ನೋಡಲಾರದವನು.

"ನಿಮಗ ಗೊತ್ತೈತಿ, ಹೌದಲ್ಲ?" ಎಂದಳು. "ಡಬ್ಬಿ ಮಾಡಸೂವಾಗ ಗುಂಡಿ ಭಾಳ ಮೆತ್ತಗಿರಬೇಕು ಅಂತ ನೀವು ಮತ್ತ ಮತ್ತ ಹೇಳಿದ್ರಿ. ಯಾಕಂತ ನಾ ಕೇಳಲಿಲ್ಲ."

ಚನ್ನೇಶ ಹ್ಯಾಂಡಲಿನ ಮೇಲಿನ ಧೂಳು ಒರೆಸುತ್ತ ನಿಂತ. "ಹಳೇ ಸ್ಟಾರ್ಟರದ ಸ್ಪ್ರಿಂಗ್ ಬಿರುಸಿತ್ರೀ. ಎರಡೂ ಕೈಲೆ ಒತ್ತತಿದ್ಲು. ಅದನ್ನ ಯಾರಿಗೂ ತೋರಸಬಾರದಂತ ಮೈ ಅಡ್ಡ ಹಿಡೀತಿದ್ಲು. ಆಕಿ ಹೇಳಿಲ್ಲ, ನಾ ಕೇಳಿಲ್ಲ. ಮೆತ್ತಗಿನ ಗುಂಡಿ ಹಾಕಿದ್ರ ತ್ರಾಸ ತಪ್ಪತೈತಿ ಅಂದ್ಕೊಂಡಿದ್ದೆ."

ಮೆತ್ತಗಿನ ಗುಂಡಿಯೇ ತ್ರಾಸವನ್ನು ಹೆಚ್ಚಿಸಿದ್ದು. ಬಿರುಸಾದ ಸ್ಪ್ರಿಂಗು ಒಮ್ಮೆ ಒಳಗೆ ಹೋದರೆ ಸಣ್ಣ ಅಲುಗಾಟಕ್ಕೆ ಜಗ್ಗುವುದಿಲ್ಲ. ಮೆತ್ತಗಿನದು ಬೆರಳಿನ ಪ್ರತಿ ಕದಲಿಕೆಯನ್ನೂ ಚಿಪ್ಪಿಗೆ ಹೇಳಿಬಿಡುತ್ತದೆ. ಆದರೆ ಇದು ಬರೀ ಊಹೆ. ಅಳೆಯದೆ ಯಾವುದನ್ನೂ ನಂಬಬಾರದು ಎಂದು ಅವಳು ಕಾಲೇಜಿನಲ್ಲಿ ಕಲಿತಿದ್ದಳು, ಬೀಜದ ಪ್ರಯೋಗಾಲಯದಲ್ಲಿ ಮತ್ತೆ ಕಲಿತಿದ್ದಳು.

ಮಧ್ಯಾಹ್ನ ಗಿರಣಿಯಲ್ಲಿ ಗಿರಾಕಿಗಳಿರಲಿಲ್ಲ. ಮೂಲೆಯಲ್ಲಿ ಚೌಡವ್ವನ ಚೀಲ ಇತ್ತು. ಚನ್ನೇಶನನ್ನು ರೋಹಿಣಿ ಬೇಕಂತಲೇ ಪೇಟೆಗೆ ಕಳಿಸಿದಳು. ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಅಂಗೈಯಗಲದ ಆಸಿಲೋಸ್ಕೋಪನ್ನು ಗುಂಡಿಯ ತಂತಿಗಳಿಗೆ ಜೋಡಿಸಿ, ಮುತ್ತವ್ವನಿಗೆ ಸ್ಟೂಲು ಹಾಕಿದಳು.

"ಅವ್ವಾರ, ನೀವು ದಿನಾ ಹೆಂಗ ಒತ್ತತೀರಿ ಹಂಗ ಒತ್ತರಿ. ಮೋಟರಿಗೆ ಕರೆಂಟ್ ತಗದೇನಿ, ಹೆದರಬ್ಯಾಡ್ರಿ."

"ಹೆದರಿಕಿ ಯಾರಿಗೆ? ಈ ಒನಕಿ ನಿನ್ನಕಿಂತ ಹಳೇವು," ಎಂದು ಮುತ್ತವ್ವ ಬೆರಳಿಗೆ ಸೆರಗು ಸುತ್ತಿಕೊಂಡು ಒತ್ತಿದಳು.

ಪರದೆಯ ಮೇಲೆ ಗೆರೆ ಮೂಡಿತು. ಗುಂಡಿಯೊಳಗಿನ ಪಟ್ಟಿಗಳು ಕೂಡಿದಾಗ ಗೆರೆ ಕೆಳಗೆ, ಬಿಟ್ಟಾಗ ಮೇಲೆ. ರೋಹಿಣಿ ತಾನೇ ಒತ್ತಿ ನೋಡಿದಾಗ ಗೆರೆ ಒಂದು ಮೆಟ್ಟಿಲಿನಂತೆ ಇಳಿದು ನೇರ ನಿಂತಿತ್ತು. ಮುತ್ತವ್ವನದು ಕೋಟೆಯ ತೆನೆಗಳಂತೆ ಇತ್ತು. ಕೆಳಗೆ, ಮೇಲೆ, ಕೆಳಗೆ, ಮೇಲೆ. ಲೋಹದ ಪುಟಿತ ಇಷ್ಟು ನಿಧಾನವಾಗಿ ಇರುವುದಿಲ್ಲ. ಇದು ಸೆಕೆಂಡಿಗೆ ನಾಲ್ಕೈದು ಸಲ ಬರುತ್ತಿತ್ತು, ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಬರುತ್ತಿತ್ತು. ನಿನ್ನೆ ತಾನು ಮಾಡಿ ಹೋದದ್ದರ ಅರ್ಥ ರೋಹಿಣಿಗೆ ಅಲ್ಲೇ ಹೊಳೆಯಿತು. ಅಲುಗದೆ ನಿಂತರೆ ಮಾತ್ರ ನಂಬು ಎಂದು ಚಿಪ್ಪಿಗೆ ಹೇಳಿದ್ದಳು. ಈ ಕೈ ಅಲುಗದೆ ನಿಲ್ಲುವುದೇ ಇಲ್ಲ. ಡಬ್ಬಿ ಈ ಕೈಯನ್ನು ಎಂದೆಂದಿಗೂ ನಂಬುವಂತಿರಲಿಲ್ಲ.

"ಏನ ತೋರಸತೈತಿ ಅದು?" ಮುತ್ತವ್ವ ಕೇಳಿದಳು.

ರೋಹಿಣಿ ಪರದೆಯನ್ನು ಅವಳ ಕಡೆ ತಿರುಗಿಸಿದಳು.

"ಹೇಳು. ನನ್ನ ಕೈ ನಡಗತೈತಿ ಅಂತ ತೋರಸತೈತಿ, ಹೌದಲ್ಲ?" ಮುತ್ತವ್ವ ಸೆರಗು ಬಿಚ್ಚಿದಳು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಾರೋ ಒಳಗಿನಿಂದ ತಾಳ ಹಾಕುತ್ತಿದ್ದಂತೆ ಹೆಬ್ಬೆರಳು, ತೋರುಬೆರಳು ಅಲ್ಲೇ ಆಡುತ್ತಿದ್ದವು. "ಖಾರದ ಕೈ ಅಂತ ಸೆರಗು ಸುತ್ತತಾಳ ಅಂದ್ಕೊಂಡಾರ ಎಲ್ಲಾರೂ. ಅಂದ್ಕೊಳ್ಳಲಿ ಅಂತ ಬಿಟ್ಟೆ. ಹಾವೇರಿ ಡಾಕ್ಟರು ಗುಳಿಗಿ ಕೊಟ್ಟಾರ. ಪೂರಾ ಹೋಗೂದಿಲ್ಲಂತ, ಹೆಚ್ಚಾಗದಂಗ ನೋಡ್ಕೊಳ್ಳೂದಂತ."

"ನೋವು ಐತೇನ್ರಿ?"

"ನೋವಿಲ್ಲ. ನಾಚಿಕಿ ಐತಿ." ಅವಳೇ ಮುಂದುವರಿಸಿದಳು. "ಚನ್ನೇಶ ಏನಂದ ನಿನ್ನ ಮುಂದ? ನಿನ್ನ ಮುಂದ ಏನರ ಹೇಳದ ನನ್ನ ಮಗಾ ಪೇಟಿಗೆ ಹೋಗಾಂವಲ್ಲ."

ಮುಚ್ಚಿಡುವುದು ರೋಹಿಣಿಗೆ ಸರಿಯೆನಿಸಲಿಲ್ಲ. ಇದು ಮುತ್ತವ್ವನ ಕೈಯ ಮಾತು. ಮುತ್ತವ್ವನನ್ನು ಬಿಟ್ಟು ತೀರ್ಮಾನಿಸಲು ತಾವಿಬ್ಬರು ಯಾರು? ಕಿಸೆಯ ಗುಂಡಿಯ ವಿಚಾರವನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅದನ್ನು ಮಾಡುವುದು ತೀರ ಸುಲಭ ಎಂದೂ ಹೇಳಿದಳು.

ಮುತ್ತವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದರೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ ಶಿವನ! ನಾ ಮುಂದ ನಿಂತು ಒತ್ತಿದಂಗ ಮಾಡೂದು, ಅಂವಾ ಹಿಂದ ನಿಂತು ಕಿಸೆ ಹಿಚಕೂದು! ನಾ ಏನ ನಾಟಕದಾಗ ಪಾರ್ಟ ಮಾಡಾಕ ಕುಂತೇನೇನ?" ನಗು ನಿಂತ ಮೇಲೆ ದನಿ ಗಟ್ಟಿಯಾಯಿತು. "ನೋಡು ಮಗಳ. ಶುಕ್ರವಾರ ಚೌಡವ್ವ ಬರ್ತಾಳ. ಅಷ್ಟರಾಗ ನಿನ್ನ ಡಬ್ಬಿಗೆ ನನ್ನ ಕೈ ತಿಳಿಯೂವಂಗ ಮಾಡು. ಆಗಲಿಲ್ಲಂದ್ರ ಗಿರಣಿ ಚನ್ನೇಶಗ ಬಿಟ್ಟು ನಾ ಮನ್ಯಾಗ ಕುಂದರತೇನಿ. ಇಷ್ಟ ದಿನಾ ಖರೇ ಕೈಲೆ ಮಾಡೇನಿ. ಸುಳ್ಳ ಕೈಲೆ ಒಂದ ದಿನಾನೂ ಮಾಡಂಗಿಲ್ಲ."

"ಇನ್ನ ನಾಕು ಸಲ ಒತ್ತರಿ," ಎಂದಳು ರೋಹಿಣಿ. "ಸೆರಗು ಬ್ಯಾಡ. ಕೂತು ಒಮ್ಮೆ, ನಿಂತು ಒಮ್ಮೆ. ದಣದಾಗ ಹೆಂಗ ಒತ್ತತೀರಿ ಹಂಗ ಒಮ್ಮೆ."

ಆ ಎಲ್ಲ ಗೆರೆಗಳನ್ನೂ ದಾಖಲು ಮಾಡಿಕೊಂಡು, ಡಬ್ಬಿಯನ್ನೂ ಕಳಚಿಕೊಂಡು ಅವಳು ರಾಣೆಬೆನ್ನೂರಿಗೆ ಹೊರಟಳು. ರೈಲಿನಲ್ಲಿ ಕಿಟಕಿಯ ಬದಿ ಕುಳಿತು ಅವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಒಂದಂತೂ ಖಚಿತವಾಗಿತ್ತು. ಪ್ರತಿ ಸಲವೂ ಗುಂಡಿ ಬಿಟ್ಟ ಹೊತ್ತಿಗಿಂತ ಕೂಡಿದ ಹೊತ್ತು ಹೆಚ್ಚಿತ್ತು. ಬೆರಳು ಕದಲುತ್ತಿತ್ತು ನಿಜ, ಆದರೆ ಕದಲಿ ಮತ್ತೆ ಗುಂಡಿಗೇ ಬರುತ್ತಿತ್ತು. ಒತ್ತಬೇಕೆಂಬ ಮನಸ್ಸು ಆ ಗೆರೆಯಲ್ಲಿ ಸ್ಪಷ್ಟವಾಗಿ ಇತ್ತು. ಓದುವ ಕ್ರಮ ತಪ್ಪಾಗಿತ್ತು ಅಷ್ಟೆ. ಸ್ಥಿರತೆಯನ್ನೇ ಮನಸ್ಸಿನ ಗುರುತು ಎಂದುಕೊಂಡು ಬರೆದ ಸೂಚನೆ, ಸ್ಥಿರವಾದ ಕೈಗಳಿರುವವರು ಸ್ಥಿರವಾದ ಕೈಗಳಿಗಾಗಿ ಬರೆದದ್ದು. ಪುಸ್ತಕಗಳಲ್ಲಿ ಇದ್ದದ್ದು ಅದು. ತಾನು ಕಲಿತದ್ದೂ ಅದನ್ನೇ.

ಅಂಗಡಿಯಲ್ಲಿ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬೀಜದ ಕಂಪನಿಯೊಂದರ ಮೊಳಕೆ ಪೆಟ್ಟಿಗೆ ರಿಪೇರಿಗೆ ಬಂದು ಕಾಯುತ್ತಿತ್ತು. ಅವರು ಫೋನು ಮಾಡಿದಾಗ ಶನಿವಾರ ಎಂದಳು.

ಓಣಿಯ ನಳದ ಕೆಳಗೆ ಇಟ್ಟ ಕೊಡವನ್ನು ನೆನೆಸಿಕೊಳ್ಳಿ. ಕೊಡದ ತಳದಲ್ಲಿ ಒಂದು ಸಣ್ಣ ತೂತು. ಗುಂಡಿ ಕೂಡಿದಷ್ಟು ಹೊತ್ತು ನಳ ಬಿಟ್ಟಿರುತ್ತದೆ, ಕೊಡ ತುಂಬುತ್ತ ಹೋಗುತ್ತದೆ. ಗುಂಡಿ ಬಿಟ್ಟಾಗ ನಳ ನಿಂತು ತೂತಿನಿಂದ ನೀರು ಸೋರುತ್ತದೆ. ಕೊಡ ಕಂಠದವರೆಗೆ ತುಂಬಿದಾಗ ಮಾತ್ರ ಯಂತ್ರ ಏಳಬೇಕು. ಲೋಹ ಪುಟಿದರೆ ಒಂದೆರಡು ಹನಿ ಬಿದ್ದೀತು, ಸೋರಿ ಹೋದೀತು. ಯಾರದೋ ಮೊಣಕೈ ತಾಗಿದರೂ ಅಷ್ಟೆ. ಸ್ಥಿರವಾದ ಬೆರಳಾದರೆ ಕೊಡ ತಟ್ಟನೆ ತುಂಬುತ್ತದೆ. ನಡುಗುವ ಬೆರಳಾದರೆ ತುಸು ತಡವಾಗಿ, ಆದರೆ ತಪ್ಪದೆ ತುಂಬುತ್ತದೆ. ನಡುವೆ ಬಿಟ್ಟದ್ದಕ್ಕೆ ಕೊಡವನ್ನೇ ಬೋರಲು ಹಾಕುತ್ತಿತ್ತು ಅವಳ ಹಿಂದಿನ ಸೂಚನೆ. ಪ್ರತಿ ಕದಲಿಕೆಗೂ ಮೊದಲಿನಿಂದ ಶುರು. ಅಲ್ಲಿಯೇ ಮುತ್ತವ್ವ ಸೋತದ್ದು.

ಚಿಪ್ಪಿನ ಭಾಷೆಯಲ್ಲಿ ಇದು ಒಂದು ಅಂಕಿ. ಕೂಡಿದಾಗ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬರೆದು ಮುಗಿಸಿದಾಗ ಎಲ್ಲ ಸೇರಿ ಅಂಗೈ ಮುಚ್ಚುವಷ್ಟು ಸಾಲುಗಳೂ ಆಗಲಿಲ್ಲ.

ಮುತ್ತವ್ವನ ದಾಖಲಾದ ಗೆರೆಗಳನ್ನು ಗುಂಡಿಯ ಬದಲು ಡಬ್ಬಿಗೆ ಉಣಿಸಿ ಪರೀಕ್ಷಿಸಿದಳು. ಕೂತು ಒತ್ತಿದ್ದಕ್ಕೆ ಡಬ್ಬಿ ಖಟ್ ಎಂದು ಎದ್ದಿತು. ನಿಂತು ಒತ್ತಿದ್ದಕ್ಕೂ ಎದ್ದಿತು. ದಣಿದಾಗಿನ ಗೆರೆಗೆ ಏಳಲಿಲ್ಲ. ಅದರಲ್ಲಿ ಬೆರಳು ಉಳಿದವಕ್ಕಿಂತ ಹೆಚ್ಚು ಹೊತ್ತು ಗುಂಡಿ ಬಿಟ್ಟಿತ್ತು, ತುಂಬಿದಷ್ಟು ವೇಗದಲ್ಲೇ ಕೊಡ ಸೋರಿಹೋಗುತ್ತಿತ್ತು. ತೂತನ್ನು ಕಿರಿದು ಮಾಡಿದಳು. ಎದ್ದಿತು. ಆದರೆ ತೂತು ಕಿರಿದಾದರೆ ಬೇಡದ ತಾಕುಗಳು ಕೂಡಿ ಕೂಡಿ ತುಂಬಬಹುದಲ್ಲ? ಗುಂಡಿಯ ಮೇಲೆ ಬಟ್ಟೆ ಸವರಿದಳು, ಕೈಚೀಲ ತಾಗಿಸಿದಳು, ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೇಜನ್ನೇ ಗುದ್ದಿದಳು. ಏಳಲಿಲ್ಲ. ಏಳಬಾರದಾಗ ಏಳದಿರುವುದು, ಏಳಬೇಕಾದಾಗ ಏಳುವುದಕ್ಕಿಂತ ದೊಡ್ಡ ಮಾತು. ಒನಕೆಯ ಕೆಳಗೆ ಯಾರದಾದರೂ ಕೈ ಇದ್ದೀತು.

ಆಮೇಲೆ ಇನ್ನೊಂದು ತೊಡಕು ಕಂಡಿತು. ಯಂತ್ರ ಎದ್ದ ಕೂಡಲೇ ಮುತ್ತವ್ವ ಕೈ ತೆಗೆಯುತ್ತಾಳೆ ಎಂದೇನಿಲ್ಲ. ಬೆರಳು ಗುಂಡಿಯ ಮೇಲೆಯೇ ನಡುಗುತ್ತಿದ್ದರೆ ಕೊಡ ಇಳಿದು, ಮತ್ತೆ ತುಂಬಿ, ಎರಡನೆಯ ಒತ್ತು ಎಂದು ಎಣಿಕೆಯಾಗಿ ಯಂತ್ರ ನಿಂತುಬಿಡುತ್ತದೆ. ಒಂದೇ ಗುಂಡಿಯಿಂದ ಚಾಲೂ ಮತ್ತು ಬಂದ್ ಎರಡನ್ನೂ ಮಾಡಿಸಿದ್ದೇ ಮೂಲದ ತಪ್ಪು ಎನಿಸಿತು. ಹಸಿರು ಇನ್ನು ಚಾಲೂ ಮಾತ್ರ ಮಾಡಲಿ. ಎಷ್ಟು ನಡುಗಿದರೂ ಅದು ಓಡುವ ಯಂತ್ರವನ್ನು ನಿಲ್ಲಿಸಕೂಡದು. ನಿಲ್ಲಿಸುವ ಕೆಲಸ ಪೂರ್ತಿ ಕೆಂಪಿಗೆ. ಕೆಂಪಿಗೆ ಕೊಡವೂ ಇಲ್ಲ, ಕಾಯುವುದೂ ಇಲ್ಲ. ಯಾರ ಬೆರಳು ಸೋಕಿದರೂ ಆ ಕ್ಷಣವೇ ನಿಲ್ಲಬೇಕು. ಚಾಲೂ ಮಾಡುವವರನ್ನು ನಿಜವಾಗಿ ಬೇಕೇ ಎಂದು ಕೇಳಬಹುದು. ನಿಲ್ಲಿಸು ಎಂದವರನ್ನು ಕೇಳುತ್ತ ಕೂರಬಾರದು.

ಗುರುವಾರ ಸಂಜೆ ಡಬ್ಬಿ ಜೋಡಿಸಲು ಹೋದಾಗ ಚನ್ನೇಶ ಮುಖ ಉಬ್ಬಿಸಿದ. "ಒಂದ ಗುಂಡೀಲೆ ಎರಡೂ ಆಗತಿದ್ದದ್ದ ಚಂದ ಇತ್ತಲ್ರೀ ಮೇಡಮ್. ಮಂದಿ ಬಂದು ನೋಡಿ ಹೋಗತಿದ್ರು."

"ಚಂದ ಇತ್ತು. ಕೆಲಸಕ್ಕ ಬರಲಿಲ್ಲ."

"ಮತ್ತ ಆ ಕಿಸೇ ಗುಂಡಿ?"

"ನಿಮ್ಮ ಅವ್ವ ಒಲ್ಲೆ ಅಂದ್ರು."

ಅವನು ಬಾಯಿ ತೆರೆದ. "ಹೇಳೇಬಿಟ್ರೇನು ಆಕೀಗೆ?"

ಒಳಮನೆಯಿಂದ ಮುತ್ತವ್ವನ ದನಿ ಬಂತು: "ಹೇಳ್ಯಾಳ, ಹೇಳ್ಯಾಳ. ಕಿಸೇದಾಗ ಗುಂಡಿ ಇಟಗೊಂಡು ತಿರಗೂದು ಬಿಟ್ಟು ಮೇಡಮ್ಮಗ ಚಾ ತಗೊಂಡ್ ಬಾ."

ಶುಕ್ರವಾರ ಪಾಳಿ ಬಾಗಿಲು ದಾಟಿ ರಸ್ತೆಯವರೆಗೆ ಬೆಳೆದಿತ್ತು. ಡಬ್ಬಿಯ ಸುದ್ದಿ ಹಬ್ಬಿತ್ತು ಎಂದು ಕಾಣುತ್ತದೆ. ಖಾರ ಕುಟ್ಟಿಸಲು ಬಂದವರಷ್ಟೇ ನೋಡಲು ಬಂದವರೂ ಇದ್ದರು. ಚೌಡವ್ವ ಬಂದವಳೇ ತನ್ನ ಚೀಲವನ್ನು ಮುಂದಕ್ಕೆ ಎಳೆದಳು.

"ಇಳೀತೇನವಾ ಸಿಟ್ಟು, ನಿಮ್ಮ ಡಬ್ಬಿದು?"

"ಮೊದಲ ನಿನ್ನ ಮೆಣಸಿನಕಾಯಿ ತೋರಸು," ಎಂದು ಮುತ್ತವ್ವ ಚೀಲದೊಳಗೆ ಕೈ ಹಾಕಿದಳು. ಒಂದನ್ನು ಕಿವಿಯ ಹತ್ತಿರ ಮುರಿದಳು. ಇನ್ನೊಂದನ್ನು ಚೀಲದ ತಳದಿಂದ ತೆಗೆದು ಮುರಿದಳು. ತಲೆಯಾಡಿಸಿದಳು. ಚನ್ನೇಶ ಒರಳುಗಳಿಗೆ ಸುರಿದು ಹಿಂದೆ ಸರಿದ. ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಕಟ್ಟಿಕೊಂಡು ನಿಂತ. ಅದು ಬೇಕಂತಲೇ ಮಾಡಿದ್ದು ಎಂದು ರೋಹಿಣಿಗೆ ತಿಳಿದು ಅವನ ಮೇಲೆ ಮೆಚ್ಚುಗೆ ಬಂತು.

ರೋಹಿಣಿಗೆ ಅಳುಕು ಹತ್ತಿತು. ದಾಖಲಾದ ಗೆರೆಗಳ ಮೇಲೆ ಅಂಗಡಿಯಲ್ಲಿ ಎಷ್ಟು ಸಲ ಗೆದ್ದರೇನು? ಅವು ಗಿರಾಕಿಗಳಿಲ್ಲದಾಗ ಸಮಾಧಾನದಿಂದ ಒತ್ತಿದ ಕೈಯವು. ಇದು ಊರೆಲ್ಲ ನೋಡುತ್ತಿರುವಾಗಿನ ಕೈ.

ಮುತ್ತವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬರಿಗೈಯನ್ನು ಎತ್ತಿ ಗುಂಡಿಯ ಮೇಲೆ ಇಟ್ಟಳು. ಕೈ ನಡುಗುತ್ತಿತ್ತು. ಆ ದಿನ ಅಳೆದದ್ದಕ್ಕಿಂತ ಹೆಚ್ಚಾಗಿಯೇ ನಡುಗುತ್ತಿತ್ತು. ಎದುರಿಗಿದ್ದ ಯಾರಿಗೂ ಅದು ಕಾಣದೆ ಇರಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ಯಂತ್ರ ಏಳಲಿಲ್ಲ.

"ಒತ್ತಿ ಹಿಡೀರಿ ಅವ್ವಾರ," ಎಂದಳು ರೋಹಿಣಿ. "ಅದು ಕೇಳಾಕತ್ತೈತಿ."

"ಹಿಡದೇನಿ. ಕೇಳಲಿ ನಿಧಾನಕ," ಎಂದಳು ಮುತ್ತವ್ವ.

"ಇದೂ ಆಗೂದಲ್ಲ ಬಿಡವಾ, ಮುತ್ತ—" ಎಂದು ಚೌಡವ್ವ ಬಾಯಿ ತೆರೆಯುವಷ್ಟರಲ್ಲಿ ಡಬ್ಬಿಯೊಳಗೆ ಖಟ್ ಎಂದಿತು. ಒಂದೇ ಸಲ. ಮೋಟರು ಗುರುಗುಟ್ಟಿತು, ಬೆಲ್ಟು ತಿರುಗಿತು, ಒನಕೆಗಳು ಒಂದರ ಹಿಂದೊಂದು ಎದ್ದು ಒರಳುಗಳ ಮೇಲೆ ಬಿದ್ದವು. ನೆಲ ಅದುರಿತು. ಕೆಂಪು ಘಾಟು ಮೇಲೆದ್ದು ಪಾಳಿಯಲ್ಲಿದ್ದವರೆಲ್ಲ ಒಟ್ಟಿಗೆ ಸೀನಿದರು.

ಸೀನು ಮುಗಿದ ಮೇಲೆ ಚೌಡವ್ವ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಈಗ ಅವಳ ದನಿಯಲ್ಲಿ ಕೆಣಕುವುದಿರಲಿಲ್ಲ. "ಮುತ್ತವ್ವಾ, ನಿನ್ನ ಕೈ ನಡಗಾಕತ್ತೈತಲ್ಲ. ಎಂದಿನಿಂದ?"

"ಭಾಳ ದಿನಾ ಆತು."

"ನಮಗ್ಯಾರಿಗೂ ಹೇಳಲೇ ಇಲ್ಲಲ್ಲ."

"ಹೇಳಿದ್ರ ನೀ ಚೀಲ ತಗೊಂಡು ಆ ಕಡೆ ಗಿರಣಿಗೆ ಹೋಗತಿದ್ದಿ."

"ಹೋಗತಿದ್ದೆ," ಎಂದು ಚೌಡವ್ವ ಒಪ್ಪಿಕೊಂಡಳು. ಆಮೇಲೆ ಒರಳಿನ ಕಡೆ ನೋಡಿದಳು. ಮೆಣಸಿನಕಾಯಿ ಒಡೆದು ಕಡುಗೆಂಪಾಗುತ್ತಿತ್ತು. "ಆದ್ರ ಚಾಲೂ ಮಾಡಿದ್ದು ನೀನ ಹೌದಲ್ಲ?"

"ಮತ್ಯಾರು? ಚನ್ನೇಶನ ಕೈ ಎಲ್ಲಿ ಅದಾವು ನೋಡು. ಈ ಮೇಡಮ್ಮನ ಕೈ ಎಲ್ಲಿ ಅದಾವು ನೋಡು. ಕೈ ನಡಗತೈತಿ, ಖರೇ. ನಿನ್ನ ನಾಲಗಿ ಹುಟ್ಟಿದಾಗಿಂದ ನಡಗತೈತಿ, ನಾವೇನರ ಅಂದೇವೇನು?"

ನಗೆ ಒನಕೆಗಳ ಸದ್ದನ್ನೂ ಮೀರಿ ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಚೌಡವ್ವನೇ. ಪಾಳಿಯಲ್ಲಿದ್ದ ಮುಂದಿನವಳು ತನ್ನ ಚೀಲವನ್ನು ಒಂದು ಹೆಜ್ಜೆ ಮುಂದಕ್ಕೆ ತಂದಿಟ್ಟಳು. ಅವಳ ಹಿಂದಿನವಳೂ ತಂದಳು.

"ಇದನ್ನ ಮಾಡಿದಾಕಿ ಯಾರ್ರೀ?" ನೋಡಲು ಬಂದಿದ್ದವರಲ್ಲಿ ಯಾರೋ ಕೇಳಿದರು.

"ಈಕಿ. ರಾಣೆಬೆನ್ನೂರಿನ ರೋಹಿಣಿ," ಎಂದಳು ಮುತ್ತವ್ವ, ತನ್ನ ಮನೆಯ ಹುಡುಗಿಯನ್ನು ತೋರಿಸುವ ಹಾಗೆ ಗದ್ದ ಎತ್ತಿ. "ಡಬ್ಬಿಗೆ ಕಿವಿ ಇಟ್ಟಾಳ."

ಕಿವಿಯಲ್ಲ, ಏರುವ ಇಳಿಯುವ ಒಂದು ಅಂಕಿ ಎಂದು ರೋಹಿಣಿ ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದಳು. ಇವತ್ತು ತಿದ್ದಲಿಲ್ಲ. ಬೆನ್ನು ನೇರ ಮಾಡಿ ನಿಂತು ಆ ಮಾತನ್ನು ಹಾಗೇ ಇಟ್ಟುಕೊಂಡಳು. ಕಾಲೇಜಿನಲ್ಲಿ ಪದಕ ಹಾಕಿಸಿಕೊಂಡಾಗಲೂ ಎದೆ ಹೀಗೆ ತುಂಬಿರಲಿಲ್ಲ.

"ಯವ್ವಾ, ಚಾಲೂ ಆತಲ್ಲ, ಇನ್ನ ಕೈ ತಗಿ," ಎಂದ ಚನ್ನೇಶ.

"ತಗಿಯಂಗಿಲ್ಲ," ಎಂದಳು ಮುತ್ತವ್ವ.

ಅವಳ ಬೆರಳು ಹಸಿರು ಗುಂಡಿಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಪಾಳಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದು ಆ ಕೈಯನ್ನೊಮ್ಮೆ, ಒನಕೆಗಳನ್ನೊಮ್ಮೆ ನೋಡಿ ಹಿಂದೆ ಸರಿದರು. ಎಲ್ಲರೂ ನೋಡಿ ಮುಗಿಸುವವರೆಗೆ ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದಳು. ಯಂತ್ರ ಓಡುತ್ತಲೇ ಇತ್ತು.